1943ರ ಚರ್ಮದ ಹೆಲ್ಮೆಟ್: ಕೊಳ್ಳುವ ಮೊದಲು ಹೊಲಿಗೆ ನೋಡಿ, ಸೀಸನ್ ಓದಿ

ಅಮೆರಿಕನ್ ಫುಟ್‌ಬಾಲಿನ ಹಳೆಯ ಸಾಮಾನು ಕೂಡಿಡುವವರಿಗೆ ಎರಡನೇ ಮಹಾಯುದ್ಧದ ಕಾಲದ ಕಾಲೇಜು ಹೆಲ್ಮೆಟ್ ಧಾರಾಳವಾಗಿ ಕೊಳ್ಳಬಹುದಾದ ವಸ್ತು. ಕೈಕೆಲಸ ಅಚ್ಚುಕಟ್ಟು, ನೋಡಲು ಚೆಂದ, ಜೋಪಾನ ಮಾಡಿದರೆ ಇನ್ನೂ ಎರಡು ತಲೆಮಾರು ಬಾಳುತ್ತದೆ. ತಲೆಗೆ ಹಾಕಿಕೊಂಡು ಆಡಲು ಮಾತ್ರ ಬೇಡ. ಮುಖಕ್ಕೆ ಸರಳಿಲ್ಲ, ಒಳಗಿನ ಫೆಲ್ಟ್ (ಒತ್ತಿ ಮಾಡಿದ ಉಣ್ಣೆಯ ದಪ್ಪ ಬಟ್ಟೆ) ಒಣಗಿ ಗಟ್ಟಿಯಾಗಿರುತ್ತದೆ, ಪೆಟ್ಟು ನೇರ ಬುರುಡೆಗೆ ಹೋಗುತ್ತದೆ.

ಪ್ಲಾಸ್ಟಿಕ್ ಹೆಲ್ಮೆಟನ್ನು ರಿಡೆಲ್ ಕಂಪನಿ 1939ರಲ್ಲೇ ತಂದಿತ್ತು. ಯುದ್ಧ ಬಂದ ಮೇಲೆ ಪ್ಲಾಸ್ಟಿಕ್ ಸೇನೆಯ ಪಾಲಾಯಿತು, ಮೈದಾನದಲ್ಲಿ ಚರ್ಮವೇ ಉಳಿಯಿತು. ಇದು ಒಂದೇ ಅಚ್ಚಿನಲ್ಲಿ ತೆಗೆದ ಚಿಪ್ಪಲ್ಲ. ನೆತ್ತಿಗೊಂದು, ಹಣೆಗೊಂದು, ಹಿಂದಲೆಗೆ, ಎರಡು ಕಿವಿಗೆ ಬೇರೆ ಬೇರೆ ತುಂಡು ಕತ್ತರಿಸಿ, ಒಂದರ ಮೇಲೊಂದು ಹಾಯಿಸಿ ಹೊಲಿದದ್ದು. ಹೆಚ್ಚು ಪೆಟ್ಟು ಬೀಳುವಲ್ಲಿ ಇನ್ನೊಂದು ಪದರ ಇರುತ್ತದೆ. ಮಿಶಿಗನ್ ವಿಶ್ವವಿದ್ಯಾಲಯ ತಂಡದ ಹೆಲ್ಮೆಟ್ ಮೇಲಿನ ಹೆಸರುವಾಸಿ ‘ರೆಕ್ಕೆ’ ಚಿತ್ರ ಹುಟ್ಟಿದ್ದು ಇಂಥ ಹೊಲಿಗೆಯಿಂದಲೇ. ಹಣೆಯ ಮೇಲಿನ ಹೆಚ್ಚುವರಿ ಪಟ್ಟಿಯ ಅಂಚು ಹಿಡಿದು 1938ರಲ್ಲಿ ಕೋಚ್ ಫ್ರಿಟ್ಜ್ ಕ್ರೈಸ್ಲರ್ ಎರಡು ಬಣ್ಣ ಹಾಕಿಸಿದರು; ಚೆಂಡು ಎಸೆಯುವವನಿಗೆ ದೂರದಲ್ಲಿ ಓಡುವ ತನ್ನವರು ಥಟ್ಟನೆ ಕಾಣಲಿ ಎಂಬ ಲೆಕ್ಕ. ಹಾಗಾಗಿ ಹಳೆಯ ಮಿಶಿಗನ್ ಹೆಲ್ಮೆಟ್ ಅಂತ ಕೊಟ್ಟಿದ್ದರಲ್ಲಿ ಬಣ್ಣದ ಗೆರೆ ಒಂದು ಕಡೆ, ಹೊಲಿಗೆ ಇನ್ನೊಂದು ಕಡೆ ಹೋಗಿದ್ದರೆ ವಾಪಸ್ ಕೊಡಿ.

ಕಿವಿಪಟ್ಟಿಯನ್ನು ಚೆನ್ನಾಗಿ ನೋಡಿ. ಅದರಲ್ಲಿ ತೂತು ಇರುವುದು ಗಾಳಿಯಾಡಲು ಮಾತ್ರ ಅಲ್ಲ, ಕೂಗು ಕೇಳಿಸಲು. 1943ರ ನೋಟರ್ ಡೇಮ್ ವಿಶ್ವವಿದ್ಯಾಲಯದ ತಂಡ ಆಡುತ್ತಿದ್ದದ್ದು ‘ಟಿ’ ವ್ಯೂಹ, ಅಂದರೆ ಇಂಗ್ಲಿಷಿನ T ಅಕ್ಷರದ ಆಕಾರದಲ್ಲಿ ನಿಂತು ಆಡುವ ಕ್ರಮ. ಅದರಲ್ಲಿ ಕ್ವಾರ್ಟರ್‌ಬ್ಯಾಕ್ (ದಾಳಿ ನಡೆಸುವ ಆಟಗಾರ) ಕೂಗುವ ಸಂಕೇತಕ್ಕೆ ಹನ್ನೊಂದು ಜನವೂ ಒಟ್ಟಿಗೆ ಅಲುಗಬೇಕು. ಆ ಕೂಗುವ ಕ್ವಾರ್ಟರ್‌ಬ್ಯಾಕ್ ಕೂಡ ಸೀಸನ್ನಿನ ನಡುವೆ ಬದಲಾದರು. ಆರು ಪಂದ್ಯ ಗೆಲ್ಲಿಸಿದ ಆಂಜೆಲೊ ಬರ್ಟೆಲಿ ಮರೀನ್ ಪಡೆಗೆ ಹೊರಟುಹೋದರು, ಜಾನಿ ಲುಜಾಕ್ ಬಂದು ಮುಂದಿನ ಪಂದ್ಯದಲ್ಲೇ ಆರ್ಮಿ (ವೆಸ್ಟ್ ಪಾಯಿಂಟ್ ಸೇನಾ ಅಕಾಡೆಮಿ) ತಂಡವನ್ನು 26-0ರಿಂದ ಸೋಲಿಸಿದರು. ಕೊನೆಯ ಪಂದ್ಯದಲ್ಲಿ ಗ್ರೇಟ್ ಲೇಕ್ಸ್ ನೌಕಾ ತರಬೇತಿ ಕೇಂದ್ರದ ತಂಡ 19-14ರಿಂದ ಗೆದ್ದಿತು. ಆದರೂ ರಾಷ್ಟ್ರೀಯ ಚಾಂಪಿಯನ್ ಪಟ್ಟ ನೋಟರ್ ಡೇಮ್‌ಗೆ, ವರ್ಷದ ಶ್ರೇಷ್ಠ ಕಾಲೇಜು ಆಟಗಾರನಿಗೆ ಕೊಡುವ ಹೈಸ್‌ಮನ್ ಟ್ರೋಫಿ ಆರೇ ಪಂದ್ಯ ಆಡಿದ ಬರ್ಟೆಲಿಗೆ ಬಂತು.

ಇದನ್ನೆಲ್ಲ ಇಲ್ಲಿ ಹೇಳಲು ಕಾರಣವಿದೆ. ಆ ವರ್ಷ ಜುಲೈನಲ್ಲಿ ಶುರುವಾದ ನೌಕಾಪಡೆಯ ವಿ-12 ತರಬೇತಿಯವರಿಗೆ (ಕಾಲೇಜಿನಲ್ಲೇ ಓದುತ್ತ ಅಧಿಕಾರಿಯಾಗಲು ಸಜ್ಜಾಗುವವರು) ಕಾಲೇಜು ತಂಡದಲ್ಲಿ ಆಡಲು ಅನುಮತಿ ಇತ್ತು, ಭೂಸೇನೆ ತನ್ನ ತರಬೇತಿಯವರಿಗೆ ಕೊಡಲಿಲ್ಲ. ಹಾಗಾಗಿ ವಿ-12 ಇದ್ದ ಕಾಲೇಜುಗಳಿಗೆ ಬೇರೆ ಕಾಲೇಜಿನ ಆಟಗಾರರೂ ಬಂದು ಸೇರಿದರು. ವಿಸ್ಕಾನ್ಸಿನ್‌ನ ಎಲ್ರಾಯ್ ಹರ್ಷ್ ಆ ಸೀಸನ್ ಆಡಿದ್ದು ಮಿಶಿಗನ್ ಪರವಾಗಿ. ಟೆನೆಸಿ, ಫ್ಲಾರಿಡಾ ವಿಶ್ವವಿದ್ಯಾಲಯಗಳು ತಂಡವನ್ನೇ ಇಳಿಸಲಿಲ್ಲ. ‘ಟೆನೆಸಿ 1943’ ಎಂಬ ಚೀಟಿ ಅಂಟಿಸಿದ ಹೆಲ್ಮೆಟ್ ಕಂಡರೆ ಆ ಚೀಟಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ. ಒಳಗೆ ಎರಡು ಮೂರು ನಂಬರ್ ಬರೆದು ಅಳಿಸಿದ್ದರೆ ಅಷ್ಟಕ್ಕೇ ಅನುಮಾನ ಬೇಡ, ಸಾಮಾನು ಕೈಯಿಂದ ಕೈಗೆ ಹೋಗುತ್ತಿತ್ತು. ಇಂಥ ಆಟಗಾರನೇ ಹಾಕಿದ್ದು ಎಂದರೆ ಮಾತ್ರ ಆ ಕಾಲದ ಫೋಟೋ ಕೇಳಿ, ಗೀರಿಗೆ ಗೀರು ತಾಳೆ ನೋಡಿ.

ಬಣ್ಣದ ಪರೀಕ್ಷೆಗೆ ಭೂತಗನ್ನಡಿ ಸಾಕು. ಚರ್ಮ ಬಿರಿದ ಸೀಳಿನ ಒಳಗೂ ಬಣ್ಣ ಇಳಿದಿದ್ದರೆ ಬಿರಿದ ಮೇಲೆ ಬಳಿದದ್ದು. ಸೀಳಿನ ಎರಡು ದಡದಲ್ಲಿ ಬಣ್ಣ ಮುರಿದು, ತಳದಲ್ಲಿ ಬರೀ ಚರ್ಮ ಕಾಣಬೇಕು. ಕತ್ತಲೆಯಲ್ಲಿ ಯುವಿ ಟಾರ್ಚ್ ಹಿಡಿಯಿರಿ. ದಾರ ನೀಲಿ-ಬಿಳಿಯಾಗಿ ಹೊಳೆದರೆ ಹೊಸದಾಗಿ ಹೊಲಿದಿರಬಹುದು, ಅಥವಾ ಯಾರೋ ಡಿಟರ್ಜೆಂಟ್ ಹಾಕಿ ತೊಳೆದಿರಬಹುದು. ಎರಡೂ ಬೆಲೆ ಇಳಿಸಬೇಕಾದ ವಿಷಯವೇ. ಬಿಳಿ ಬಟ್ಟೆಯಿಂದ ಒಳಭಾಗ ಮೆಲ್ಲಗೆ ಒತ್ತಿ ನೋಡಿ. ಇಟ್ಟಿಗೆಪುಡಿಯಂಥ ಕೆಂಪು ಹುಡಿ ಅಂಟಿದರೆ ಚರ್ಮ ಆಮ್ಲದಿಂದ ಕೊಳೆಯುತ್ತಿದೆ. ಉದುರುವುದನ್ನು ತಡೆಯಬಹುದೇ ಹೊರತು ಹೋದ ಗಟ್ಟಿತನ ಮರಳುವುದಿಲ್ಲ.

ಅತಿ ಹೆಚ್ಚು ಹೆಲ್ಮೆಟ್ ಹಾಳಾಗುವುದು ಕೊಂಡವರ ಪ್ರೀತಿಯಿಂದ. ಚರ್ಮ ಒಣಗಿದೆ ಎಂದು ಕೊಬ್ಬರಿ ಎಣ್ಣೆಯನ್ನೋ ಶೂ ಪಾಲಿಶನ್ನೋ ತಿಕ್ಕುತ್ತಾರೆ. ಚರ್ಮ ಕಪ್ಪಾಗುತ್ತದೆ, ಧೂಳು ಕಚ್ಚುತ್ತದೆ, ಹಿತ್ತಾಳೆ ರಿವಿಟ್‌ನ ಸುತ್ತ ಎಣ್ಣೆ ಸೇರಿ ಹಸಿರು ಮೇಣದಂಥ ಕಿಲುಬು ಕಟ್ಟುತ್ತದೆ. ಆ ಕಿಲುಬನ್ನು ಮರದ ಹಲ್ಲುಕಡ್ಡಿಯಿಂದ ಬಿಡಿಸಿ. ಹುಣಸೆಹಣ್ಣು, ನಿಂಬೆಹಣ್ಣು ಹತ್ತಿರಕ್ಕೂ ತರಬೇಡಿ. ಧೂಳಿಗೆ ಮೆತ್ತನೆಯ ಒಣ ಬ್ರಷ್, ಅಷ್ಟೇ.

ತೇವಾಂಶ ಶೇ 45ರಿಂದ 55ರೊಳಗಿದ್ದರೆ ಒಳ್ಳೆಯದು, 65 ದಾಟಿದರೆ ಬೂಷ್ಟು ಹಿಡಿಯಬಹುದು. ಮಂಗಳೂರು, ಶಿವಮೊಗ್ಗದ ಕಡೆಯವರು ಮಳೆಗಾಲದಲ್ಲಿ ಮುಚ್ಚಿದ ಗಾಜಿನ ಪೆಟ್ಟಿಗೆಯಲ್ಲಿ ತೇವ ಹೀರುವ ಸಿಲಿಕಾ ಜೆಲ್ ಇಟ್ಟು, ಪಕ್ಕದಲ್ಲೊಂದು ತೇವಮಾಪಕ ಇಡಬೇಕು. ಆದರೆ ಜೆಲ್ ಸುರಿದು ತೇವಾಂಶವನ್ನು 40ಕ್ಕಿಂತ ಕೆಳಗೆ ಇಳಿಸಬೇಡಿ, ಚರ್ಮ ಬಿರಿಯುತ್ತದೆ. ಒಳಗಿನ ಉಣ್ಣೆ ಫೆಲ್ಟ್‌ಗೆ ನುಸಿ ಬೀಳುತ್ತದೆ. ಫ್ರೀಜರ್‌ನಲ್ಲಿಟ್ಟು ನುಸಿ ಕೊಲ್ಲುವ ವಿಧಾನ ಉಣ್ಣೆಗೆ ಸರಿ, ಬಣ್ಣ ಬಳಿದ ಚರ್ಮಕ್ಕೆ ಅಪಾಯ. ಆ ಕೆಲಸ ಸಂರಕ್ಷಣೆ ಬಲ್ಲವರಿಗೆ ಬಿಡಿ.

ಕೊಂಡಿಗೆ, ಗದ್ದದ ಪಟ್ಟಿಗೆ ಹಗ್ಗ ಹಾಕಿ ತೂಗುಹಾಕಬೇಡಿ. ಕಿವಿಪಟ್ಟಿಯ ಬುಡದ ಹೊಲಿಗೆ ಎಳೆದು ಬಿಡುತ್ತದೆ. ಆಮ್ಲವಿಲ್ಲದ ಟಿಶ್ಯೂ ಕಾಗದವನ್ನು ಉಂಡೆ ಮಾಡಿ, ಒಳಗಿನ ಆಕಾರಕ್ಕೆ ಸರಿಯಾಗಿ ತುಂಬಿ, ಅದರ ಮೇಲೆ ಕೂರಿಸಿ. ಕಿವಿಪಟ್ಟಿಗಳು ಒಳಕ್ಕೆ ಮಡಚದಂತೆ ಎರಡು ಬದಿಗೂ ಒಂದೊಂದು ಉಂಡೆ ಸಿಕ್ಕಿಸಿ.