ಮಕ್ಕಳ ಮೈನಸ್ ಪವರ್‌ಗೆ ಡಿಫೋಕಸ್ ಲೆನ್ಸ್: ಎರಡು ವರ್ಷ ಬಳಸಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ: ಈ ಲೆನ್ಸ್ ಇರುವ ಪವರನ್ನು ಇಳಿಸುವುದಿಲ್ಲ. ಏರುವ ವೇಗವನ್ನು ತಗ್ಗಿಸುವುದಷ್ಟೇ ಇದರ ಕೆಲಸ. ಮಗಳು ಹಾಕಲು ಶುರುಮಾಡಿ ಎರಡು ವರ್ಷ ದಾಟಿತು.

ನೋಡಲು ಮಾಮೂಲಿ ಕನ್ನಡಕವೇ. ಓರೆಯಾಗಿ ಬೆಳಕಿಗೆ ಹಿಡಿದರೆ ಮಾತ್ರ, ನಡುವಿನ ಸುಮಾರು 9 ಮಿ.ಮೀ. ತಿಳಿ ಜಾಗದ ಸುತ್ತ ಜೇನುಗೂಡಿನ ಹಾಗೆ ನೂರಾರು ಪುಟ್ಟ ಮಸೂರಗಳು ಕಾಣುತ್ತವೆ. ನಡುವಿನಿಂದ ಬೋರ್ಡು ಸ್ಪಷ್ಟವಾಗಿ ಕಾಣುತ್ತದೆ. ಸುತ್ತಲಿನವು ಒಂದಿಷ್ಟು ಬೆಳಕನ್ನು ರೆಟಿನಾಕ್ಕೆ (ಕಣ್ಣಿನ ಹಿಂಬದಿಯ ಬೆಳಕು ಗ್ರಹಿಸುವ ಪದರಕ್ಕೆ) ಮುಟ್ಟುವ ಮೊದಲೇ ಕೂಡಿಸುತ್ತವೆ. ಮಕ್ಕಳ ಮೈನಸ್ ಏರುವುದು ಹೆಚ್ಚಾಗಿ ಕಣ್ಣುಗುಡ್ಡೆ ಉದ್ದವಾಗುವುದರಿಂದ; ಹೀಗೆ ಮೊದಲೇ ಕೂಡುವ ಬೆಳಕು ಕಣ್ಣುಗುಡ್ಡೆಗೆ ‘ಇನ್ನು ಉದ್ದವಾಗಬೇಡ’ ಎಂಬ ಸೂಚನೆ.

ಈ ಸೂಚನೆಯನ್ನು ಓದುವುದು ಬಹುಪಾಲು ಕಣ್ಣೇ, ಮೆದುಳಲ್ಲ. ಕೋಳಿಮರಿಗಳ ದೃಷ್ಟಿನರವನ್ನು ಕತ್ತರಿಸಿದ ಮೇಲೂ, ಎದುರಿಗಿಟ್ಟ ಮಸೂರಕ್ಕೆ ತಕ್ಕಂತೆ ಕಣ್ಣಿನ ಬೆಳವಣಿಗೆ ಬದಲಾಯಿತು. ಕರಾರುವಾಕ್ಕುತನ ಮಾತ್ರ ಕೆಟ್ಟಿತು. 1987ರಲ್ಲಿ ಸಂಶೋಧಕ ಜೋಶ್ ವಾಲ್ಮನ್ ತಂಡ ಕೋಳಿಮರಿಗಳಲ್ಲೇ ರೆಟಿನಾದ ಒಂದು ಭಾಗಕ್ಕಷ್ಟೇ ನೋಟ ಮಬ್ಬಾಗಿಸಿದಾಗ, ಆ ಭಾಗದ ಹಿಂದಿನ ಗೋಡೆಯಷ್ಟೇ ಹಿಗ್ಗಿತು. ಇದನ್ನು ಓದಿದ ಮೇಲೆ ನನಗೊಂದು ಸಮಾಧಾನ: ಶುರುವಿನಲ್ಲಿ ಅಂಚು ಮಸುಕು ಎನ್ನುತ್ತಿದ್ದ ಮಗಳು ಕೆಲವೇ ದಿನಗಳಲ್ಲಿ ಆ ಮಾತೇ ಬಿಟ್ಟಳು. ಮೆದುಳು ಮಸುಕನ್ನು ಲೆಕ್ಕಕ್ಕಿಡದೆ ಹೋದರೂ ರೆಟಿನಾ ಇಟ್ಟುಕೊಂಡಿರುತ್ತದೆ.

ಮೆದುಳು ಕೈಯಾಡಿಸುವ ಜಾಗ ಇನ್ನೊಂದಿದೆ: ಫೋಕಸ್ ಹಿಡಿಯುವ ಸ್ನಾಯು. ಪರೀಕ್ಷೆಯ ಹೊತ್ತಿಗೆ ಮಕ್ಕಳು ಅದನ್ನು ಬಿಗಿಹಿಡಿದರೆ ಮೈನಸ್ ಹೆಚ್ಚಾಗಿಯೇ ತೋರುತ್ತದೆ. ಹಾಗಾಗಿ ಆ ಸ್ನಾಯುವನ್ನು ಸಡಿಲಿಸುವ ಡ್ರಾಪ್ಸ್ ಹಾಕಿ ಪವರ್ ನೋಡುವಂತೆ ಕೇಳಿ. ಜೊತೆಗೆ ಕಣ್ಣಿನ ಉದ್ದವನ್ನೂ ಅಳೆಸಿ. ನಾನಂತೂ ಈಗ ಪವರ್ ಚೀಟಿಗಿಂತ ಮೊದಲು ಆ ಮಿಲಿಮೀಟರ್ ಅಂಕಿಯನ್ನೇ ನೋಡುವುದು. ಬೆಳೆಯುವ ಮಗುವಲ್ಲವೇ, ಆ ಅಂಕಿಯ ಏರಿಕೆ ಪೂರ್ತಿ ನಿಲ್ಲಲಿ ಎಂದು ಬಯಸುವುದೂ ತಪ್ಪೇ.

ಫಲಿತಾಂಶ? ಮೊದಲು ಪ್ರತಿ ತಪಾಸಣೆಗೂ ಪವರ್ ಏರುತ್ತಿತ್ತು, ಈಗ ಅಪರೂಪ. ವಯಸ್ಸಾದಂತೆ ವೇಗ ತಾನಾಗಿಯೂ ತಗ್ಗುವುದರಿಂದ ಎಲ್ಲವನ್ನೂ ಲೆನ್ಸಿನ ಖಾತೆಗೆ ಬರೆಯಲಾರೆ. ಈ ಬಗೆಯ ಲೆನ್ಸಿನ ಮೇಲೆ ಹಾಂಗ್‌ಕಾಂಗ್‌ನಲ್ಲಿ 8ರಿಂದ 13 ವರ್ಷದ ಮಕ್ಕಳೊಂದಿಗೆ ನಡೆದ ಎರಡು ವರ್ಷದ ಪ್ರಯೋಗದಲ್ಲಿ, ಸಾದಾ ಲೆನ್ಸಿಗೆ ಹೋಲಿಸಿದರೆ ಪವರ್ ಏರಿಕೆ ಸರಾಸರಿ 52%, ಉದ್ದ ಏರಿಕೆ 62% ಕಡಿಮೆಯಾಗಿತ್ತು. ಅದು ಸರಾಸರಿ, ನಿಮ್ಮ ಮಗುವಿಗೆ ಕೊಟ್ಟ ಮಾತಲ್ಲ. ದಿನಕ್ಕೆ ಎರಡು ಗಂಟೆ ಹೊರಗಿನ ಬೆಳಕಿನಲ್ಲಿ ಆಡಿಸುವುದನ್ನು ನಾವು ಬಿಟ್ಟಿಲ್ಲ. ಪ್ರಖರ ಬೆಳಕಿಗೆ ರೆಟಿನಾದಲ್ಲಿ ಹೆಚ್ಚುವ ಡೋಪಮೈನ್ ಎಂಬ ರಾಸಾಯನಿಕ ಕಣ್ಣು ಉದ್ದವಾಗುವುದನ್ನು ತಡೆಯುತ್ತದೆ ಎನ್ನುವುದು ಸದ್ಯದ ವಿವರಣೆ.

ತಕರಾರು ಫ್ರೇಮಿನದು. ಮೂಗಿನಿಂದ ಜಾರಿದರೆ ತಿಳಿ ಜಾಗ ಪಾಪೆಯ ಎದುರಿನಿಂದ ಸರಿದು, ಮಗು ಪುಟ್ಟ ಮಸೂರಗಳ ಮೂಲಕವೇ ಓದತೊಡಗುತ್ತದೆ. ಹಗುರ ಫ್ರೇಮು, ಕಿವಿಯ ಹಿಂದೆ ಹಿಡಿತ, ಆಗಾಗ ಬಿಗಿ ಮಾಡಿಸುವುದು, ಇಷ್ಟಕ್ಕೆ ತಯಾರಿದ್ದರೆ ಕೊಳ್ಳಿ.