ಬೆಕ್ಕಿನ ಲಸಿಕೆ: ಪುಡಿಯದ್ದೋ, ನೀರಿನದ್ದೋ?

ನನ್ನ ಓಟು ಪುಡಿಯದ್ದಕ್ಕೆ. ನಮ್ಮ ಮನೆಯ ಚಿನ್ನಿಗೆ ಹಾಕಿಸಿದ್ದು ಬಾಟಲಿಯಿಂದ ನೇರ ಸಿರಿಂಜಿಗೆ ಎಳೆಯುವ ನೀರಿನ ಲಸಿಕೆ. ಎರಡು ವರ್ಷ ಬಿಟ್ಟು ಬಂದ ಕರಿಯನಿಗೆ ಪುಡಿಯನ್ನು ಆಗಿಂದಾಗಲೇ ಕಲಸಿ ಕೊಡುವ ನೊಬಿವ್ಯಾಕ್ ಟ್ರೈಕ್ಯಾಟ್ ಟ್ರಯೋ. ಪ್ಯಾನ್‌ಲ್ಯುಕೋಪೆನಿಯಾ, ಹರ್ಪಿಸ್, ಕ್ಯಾಲಿಸಿ ಎಂಬ ಮೂರು ರೋಗಕ್ಕೇ ಎರಡೂ. ಪುಡಿಯಲ್ಲಿರುವುದು ಶಕ್ತಿಗುಂದಿಸಿದ ಜೀವಂತ ವೈರಸ್. ಚಿನ್ನಿಗೆ ಕೊಟ್ಟದ್ದರಲ್ಲಿ ಇದ್ದದ್ದು ಸತ್ತ ವೈರಸ್, ಅದರ ಕೆಲಸ ಚುರುಕಾಗಲೆಂದು ಬೆರೆಸಿದ ಅಡ್ಜುವೆಂಟ್. ನೋಡಿ ಗುರುತಿಸಲು ಹೋಗಬೇಡಿ, ಲೇಬಲ್ ಓದಿಸಿ.

ಚಿನ್ನಿಯ ಕತ್ತಿನ ಹಿಂದೆ, ಎರಡು ಭುಜಗಳ ನಡುವೆ, ಹತ್ತು ದಿನಕ್ಕೆ ಒಂದು ಗಂಟು ಕಾಣಿಸಿತು. ಕಡಲೆಕಾಳಿನಷ್ಟಿದ್ದದ್ದು ಅಡಿಕೆಯಷ್ಟಾಯಿತು. ಚುಚ್ಚಿದ ಜಾಗದಲ್ಲಿ ಬೆಕ್ಕುಗಳಿಗೆ ಸಾರ್ಕೋಮಾ ಎಂಬ ಕ್ಯಾನ್ಸರ್ ಆಗುವುದುಂಟು ಎಂದು ನನಗೆ ಗೊತ್ತಾದದ್ದೇ ಆಗ. 1991ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ತಜ್ಞರು ಇದನ್ನು ಮೊದಲು ವರದಿ ಮಾಡಿದರು. ಅಪರೂಪದ್ದು, ಸುಮಾರು 10,000 ಲಸಿಕೆಗೆ ಒಂದು. ಅಡ್ಜುವೆಂಟಿನಿಂದ ಏಳುವ ಉರಿಯೂತದ ಮೇಲೆ ಹೆಚ್ಚಿನ ಅನುಮಾನ, ಆದರೆ ಬೇರೆ ಇಂಜೆಕ್ಷನ್‌ಗಳಿಂದಲೂ ಆದದ್ದಿದೆ.

ನನ್ನನ್ನು ಕಾಡಿದ್ದು ಗಂಟಿಗಿಂತ ಹೆಚ್ಚಾಗಿ ಲಸಿಕೆ ಪುಸ್ತಕ. ಅದೇ ದಿನ ಅದೇ ಜಾಗಕ್ಕೆ ರೇಬೀಸ್ ಲಸಿಕೆಯನ್ನೂ ಚುಚ್ಚಿದ್ದರು. ಪುಸ್ತಕದಲ್ಲಿ ತಾರೀಖು, ಸಹಿ ಬಿಟ್ಟರೆ ಏನೂ ಇಲ್ಲ. ಬಾಟಲಿಯ ಸ್ಟಿಕ್ಕರ್ ಅಂಟಿಸಿರಲಿಲ್ಲ, ಬ್ಯಾಚ್ ನಂಬರ್ ಇಲ್ಲ, ಎಲ್ಲಿಗೆ ಚುಚ್ಚಿದರೆಂದೂ ಬರೆದಿಲ್ಲ. ಯಾವ ಲಸಿಕೆಯಿಂದ ಗಂಟಾಯಿತು ಎಂದು ಕೇಳಿದರೆ ಕ್ಲಿನಿಕ್‌ನಲ್ಲಿ ಯಾರಿಗೂ ಉತ್ತರ ಗೊತ್ತಿರಲಿಲ್ಲ.

ಎರಡನೇ ಡಾಕ್ಟರು ಗಂಟನ್ನು ಅಳೆದು, ಕಾಯಬೇಕಾದ ಲೆಕ್ಕ ಹೇಳಿಕೊಟ್ಟರು: ಮೂರು ತಿಂಗಳಾದರೂ ಕರಗದಿದ್ದರೆ, ಎರಡು ಸೆಂಟಿಮೀಟರ್ ದಾಟಿದರೆ, ಅಥವಾ ಚುಚ್ಚಿ ತಿಂಗಳಾದ ಮೇಲೂ ಬೆಳೆಯುತ್ತಿದ್ದರೆ ಬಯಾಪ್ಸಿ. ಪ್ರತಿ ಭಾನುವಾರ ಸ್ಕೇಲ್ ಹಿಡಿದು ಅಳೆದೆ. ಏಳನೇ ವಾರಕ್ಕೆ ಕರಗಿತು. ಆ ಏಳು ವಾರ ನಾನು ಸರಿಯಾಗಿ ನಿದ್ದೆ ಮಾಡಿಲ್ಲ.

ಕರಿಯನ ಸರದಿ ಬಂದಾಗ, “ಡಾಕ್ಟರೇ, ಕತ್ತಿಗೆ ಬೇಡ, ಕಾಲಿಗೆ ಹಾಕಿ” ಅಂದೆ. ತ್ರಿವಳಿ ಲಸಿಕೆ ಬಲ ಮುಂಗಾಲಿಗೆ, ರೇಬೀಸ್ ಬಲ ಹಿಂಗಾಲಿಗೆ, ಎರಡೂ ಕೀಲಿನಿಂದ ಕೆಳಗೆ. ಒಂದು ವೇಳೆ ಕೆಟ್ಟ ಗಂಟಾದರೂ ಕಾಲು ತೆಗೆದು ಜೀವ ಉಳಿಸಬಹುದು. ಭುಜಗಳ ನಡುವೆಯಾದರೆ ಬೇರುಸಮೇತ ಕತ್ತರಿಸಲು ಜಾಗವೇ ಇರುವುದಿಲ್ಲ. ಕರಿಯ ಒಂದು ದಿನ ಮಂಕಾಗಿದ್ದ, ಅಷ್ಟೇ.

ರೇಬೀಸ್‌ನಲ್ಲಿ ನನಗೆ ಆಯ್ಕೆ ಇರಲಿಲ್ಲ. ಅಡ್ಜುವೆಂಟ್ ಇಲ್ಲದ ಪ್ಯೂರ್‌ವ್ಯಾಕ್ಸ್ ಅಮೆರಿಕದಲ್ಲಿದೆ, ನಾನು ವಿಚಾರಿಸಿದ ಯಾವ ಅಂಗಡಿಯಲ್ಲೂ ಸಿಗಲಿಲ್ಲ. ಅಡ್ಜುವೆಂಟ್ ಇರುವುದನ್ನೇ ಹಾಕಿಸಿದೆ. ಲಕ್ಷಣ ಕಾಣಿಸಿಕೊಂಡ ಮೇಲೆ ರೇಬೀಸ್‌ಗೆ ಮದ್ದಿಲ್ಲ. ಗಂಟಿನ ಭಯಕ್ಕೆ ಅದನ್ನು ಬಿಡುವ ಮಾತೇ ಇಲ್ಲ.

ಗಬ್ಬದ ಬೆಕ್ಕಿಗೆ ಮಾತ್ರ ಪುಡಿಯದ್ದು ಬೇಡ.

ಪುಡಿಯದ್ದಕ್ಕೆ ಡೋಸಿಗೆ ಇನ್ನೂರೈವತ್ತು ರೂಪಾಯಿ ಹೆಚ್ಚು ಕೊಟ್ಟೆ. ಮರಿಗೆ ಎಂಟು ವಾರದಿಂದ ಶುರುಮಾಡಿ 16 ವಾರ ತುಂಬಿದ ಮೇಲೂ ಒಂದು ಡೋಸ್ ಬೀಳಬೇಕು, ತಾಯಿಯಿಂದ ಬಂದ ರಕ್ಷಣೆ ಅದಕ್ಕೂ ಮೊದಲಿನ ಡೋಸನ್ನು ವ್ಯರ್ಥ ಮಾಡಬಹುದು. ಆಮೇಲೆ ಮರಿಗೆ ಆರು ತಿಂಗಳು ತುಂಬಿದಾಗ ಇನ್ನೊಂದು. ಅಲ್ಲಿಂದ ಮುಂದೆ, ಮನೆಯೊಳಗೇ ಇರುವ ಬೆಕ್ಕಿಗೆ ಜೀವಂತ ತ್ರಿವಳಿ ಲಸಿಕೆ ಮೂರು ವರ್ಷಕ್ಕಿಂತ ಬೇಗ ಬೇಡ ಎನ್ನುತ್ತದೆ ವಿಶ್ವ ಸಣ್ಣ ಪ್ರಾಣಿ ಪಶುವೈದ್ಯ ಸಂಘ. ನಾವು ಊರಿಗೆ ಹೋದಾಗ ಬೆಕ್ಕುಗಳನ್ನು ಬೋರ್ಡಿಂಗ್‌ಗೆ ಬಿಡುವುದಿಲ್ಲ, ಅತ್ತೆ ನೋಡಿಕೊಳ್ಳುತ್ತಾರೆ. ಹಾಗಾಗಿ ನಮಗೆ ಈ ಲೆಕ್ಕ ಹೊಂದುತ್ತದೆ, ದುಡ್ಡೂ ಸರಿಹೋಗುತ್ತದೆ. ಬೋರ್ಡಿಂಗ್‌ಗೆ ಬಿಡುವವರಿಗೆ ಹರ್ಪಿಸ್, ಕ್ಯಾಲಿಸಿಗಾಗಿ ವರ್ಷಕ್ಕೊಮ್ಮೆ ಬೇಕಾದೀತು.

ಮುಂದಿನ ತಿಂಗಳು ಚಿನ್ನಿಯನ್ನು ಕರೆದೊಯ್ಯಬೇಕು. ಅವಳಿಗೂ ಈ ಸಲ ಪುಡಿಯದ್ದೇ. ಹೊಸ ಪುಸ್ತಕದಲ್ಲಿ ಯಾವ ಕಾಲಿಗೆ ಯಾವುದು ಎಂದು ಪೆನ್ಸಿಲ್‌ನಲ್ಲಿ ಬರೆದು, ಪಕ್ಕದಲ್ಲಿ ಸ್ಟಿಕ್ಕರ್‌ಗೆ ಜಾಗ ಬಿಟ್ಟಿದ್ದೇನೆ.