ಹೆಜಮಾಡಿ ಟೋಲ್ ದಾಟಿದ ಮೇಲೆ ಮುರಿದ ಸ್ಟಡ್: ಹಳೆ ಕಾರಿಗೆ ಅಲಾಯ್ ಹಾಕಿಸುವ ಮುಂಚೆ ಇದನ್ನು ಓದಿ

ಹಳೆ ಸ್ಪೋರ್ಟ್ಸ್ ಕಾರಿಗೆ ಅಲಾಯ್ ವೀಲ್ ಹಾಕಿಸಬೇಕು ಅಂತ ಅಂದುಕೊಂಡಿದ್ದೀರಾ? ದಯವಿಟ್ಟು ಅಡ್ವಾನ್ಸ್ ಕೊಡುವ ಮೊದಲು ಇದನ್ನು ಪೂರ್ತಿ ಓದಿ. ನನಗೆ ಹೋದದ್ದು ಬರೀ ದುಡ್ಡಲ್ಲ. ಅವತ್ತು ಪಕ್ಕದ ಸೀಟಿನಲ್ಲಿ ನನ್ನ ಮಗಳು ಕೂತಿದ್ದಳು.

ಕಾರು 1972ರ ಟ್ರಯಂಫ್ ಸ್ಪಿಟ್‌ಫೈರ್ ಮಾರ್ಕ್ 4, ಬ್ರಿಟಿಷ್ ಸ್ಪೋರ್ಟ್ಸ್ ಕಾರು. ಎರಡೇ ಸೀಟು, 1296 ಸಿಸಿ ಇಂಜಿನ್. ಬೆಂಗಳೂರಿನ ಹಿರಿಯರೊಬ್ಬರಿಂದ ತೆಗೆದುಕೊಂಡು ಮಂಗಳೂರಿಗೆ ತಂದು, ನಿಧಾನಕ್ಕೆ ಸರಿ ಮಾಡಿಸಿದ್ದೆ. ಇಂಥ ಕಾರನ್ನು ನಮ್ಮಲ್ಲಿ ಇಟ್ಟುಕೊಳ್ಳಲು ಆಗುವುದಕ್ಕೆ ಒಂದು ಕಾರಣ ಉಂಟು. ಇದರ ಬುಡವೇ ಟ್ರಯಂಫ್ ಹೆರಾಲ್ಡ್. ಅದೇ ಹೆರಾಲ್ಡ್ 1961ರಿಂದ ಮದ್ರಾಸಿನಲ್ಲಿ ಸ್ಟ್ಯಾಂಡರ್ಡ್ ಹೆರಾಲ್ಡ್ ಅಂತ ತಯಾರಾಗುತ್ತಿತ್ತು. ಎರಡೂ ಕಾರಿನ ರೂಪ ಇಟಲಿಯ ವಿನ್ಯಾಸಕಾರ ಮಿಕೆಲೊಟ್ಟಿಯದ್ದು. ಹಾಗಾಗಿ ಮುಂದಿನ ಸಸ್ಪೆನ್ಶನ್‌ನ ಎಷ್ಟೋ ಸಾಮಾನು ಹಳೆ ಹೆರಾಲ್ಡ್‌ನಿಂದ ಹೊಂದುತ್ತದೆ. ವೀಲ್ ರಿಮ್ಮೂ ಹೊಂದುತ್ತದೆ. ಆ ಕೊನೆಯ ಮಾತನ್ನು ನಾನು ಆಗಲೇ ಸರಿಯಾಗಿ ಯೋಚಿಸಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.

ಕಾರಿನ ಜೊತೆ ಬಂದ ರಿಮ್‌ಗಳಿಗೆ ತುಕ್ಕು ಹಿಡಿದಿತ್ತು. ಕಡಲ ಬದಿಯ ಊರು, ಉಪ್ಪು ಗಾಳಿ, ನಾಲ್ಕು ತಿಂಗಳ ಮಳೆ. ಎರಡು ರಿಮ್‌ಗಳ ಅಂಚಿನಲ್ಲಿ ಕಬ್ಬಿಣ ಪದರ ಪದರವಾಗಿ ಏಳುತ್ತಿತ್ತು. ಹೇಗಿದ್ದರೂ ಬದಲಾಯಿಸಬೇಕು, ಚಂದದ ಅಲಾಯನ್ನೇ ಹಾಕಿಸೋಣ ಅಂತ ಎಪ್ರಿಲ್ ಕೊನೆಗೆ ನಗರದ ಒಂದು ಅಂಗಡಿಗೆ ಹೋದೆ. ಹೆಸರು ಬೇಡ. ದೊಡ್ಡ ಅಂಗಡಿ, ಹೊಸ ಕಾರುಗಳಿಗೆ ದಿನಾ ಅಲಾಯ್ ಹಾಕುವವರು.

ಅಲ್ಲಿಯವರು ಕಾರಿನ ಸುತ್ತ ಒಂದು ಸುತ್ತು ಬಂದು, "ನಾಲ್ಕು ಹೋಲ್ ಅಲ್ವಾ ಸರ್, ಆಗ್ತದೆ" ಅಂದರು. 14 ಇಂಚಿನ ಒಂದು ಸೆಟ್ ತೋರಿಸಿದರು. ಅದಕ್ಕೆ 185/60 ಟಯರ್. ನಾನೂ ಲೆಕ್ಕ ಹಾಕಿ ನೋಡಿದೆ. ನನ್ನ 155/80 ಆರ್ 13 ಟಯರಿನ ಒಟ್ಟು ಎತ್ತರ 578 ಮಿ.ಮೀ., ಇದರದ್ದೂ ಹೆಚ್ಚು ಕಮ್ಮಿ ಅಷ್ಟೇ. ಸ್ಪೀಡೋಮೀಟರ್ ತಪ್ಪು ತೋರಿಸುವುದಿಲ್ಲ ಅಂತ ಸಮಾಧಾನವಾಯಿತು. ಅಳತೆ ಅಂದರೆ ಅಷ್ಟೇ ಅಂದುಕೊಂಡಿದ್ದೆ.

ನಿಜವಾಗಿ ಕೇಳಬೇಕಾಗಿದ್ದ ಅಳತೆ ಪಿಸಿಡಿ. ಚಕ್ರವನ್ನು ಕಾರಿಗೆ ಹಿಡಿದಿಡುವ ಬೋಲ್ಟ್‌ಗಳಿಗೆ ಸ್ಟಡ್ ಅನ್ನುತ್ತಾರೆ. ನಾಲ್ಕೂ ಸ್ಟಡ್‌ಗಳ ನಡುಬಿಂದುವನ್ನು ಹಾದು ಒಂದು ವೃತ್ತ ಎಳೆದರೆ ಅದರ ಅಡ್ಡಳತೆಯೇ ಪಿಸಿಡಿ. ಸ್ಪಿಟ್‌ಫೈರ್ ಮತ್ತು ಹೆರಾಲ್ಡ್‌ಗೆ ಅದು ಮೂರೂಮುಕ್ಕಾಲು ಇಂಚು, ಅಂದರೆ 95.25 ಮಿ.ಮೀ. ಇವತ್ತಿನ ಸ್ವಿಫ್ಟ್, ಹೋಂಡಾ ಸಿಟಿ ತರಹದ ಕಾರುಗಳಿಗೆ 100. ಹಳೆ ಮಿನಿಗೆ 101.6, ಫಿಯೆಟ್ 124 ಸ್ಪೈಡರ್‌ಗೆ 98, ಎಂಜಿಬಿಗೆ 114.3. ಎಲ್ಲವೂ ನಾಲ್ಕು ಹೋಲಿನವೇ. ದೂರದಿಂದ ನೋಡಿದರೆ ಎಲ್ಲ ಒಂದೇ ಥರ ಕಾಣುತ್ತವೆ. ಅದೇ ಅಪಾಯ ಮಾರಾಯ್ರೆ. ಪೂರ್ತಿ ಬೇರೆಯಾಗಿದ್ದರೆ ಕೂರುವುದೇ ಇಲ್ಲ, ನಾವು ಬಚಾವ್. ಸ್ವಲ್ಪವೇ ಬೇರೆಯಾದರೆ ಹೇಗಾದರೂ ಕೂರಿಸುತ್ತಾರೆ.

ನನಗೂ ಹಾಗೇ ಕೂರಿಸಿದರು. ಆ ಅಲಾಯ್‌ಗಳು 100ರವು. ಹೊಸ ಕಾರಿನ 12 ಮಿ.ಮೀ. ಸ್ಟಡ್‌ಗೆ ಕೊರೆದ ಹೋಲ್ ಅಗಲ ಇತ್ತು. ನನ್ನ ಕಾರಿನ ಸ್ಟಡ್ ಮೂರು ಎಂಟಾಂಶ ಇಂಚಿನದ್ದು, ಒಂಬತ್ತೂವರೆ ಮಿ.ಮೀ. ಅಷ್ಟೇ. ತೆಳು ಸ್ಟಡ್, ದೊಡ್ಡ ಹೋಲ್. ಪ್ರತಿ ಹೋಲನ್ನು ಒಳಬದಿಗೆ ಸ್ವಲ್ಪ ಉಜ್ಜಿದರೆ ಸಾಕಾಯಿತು. ಲೇತ್‌ಗೆ ಕಳಿಸಿ ಉಜ್ಜಿಸಿಕೊಂಡು ಬಂದರು. ನಟ್ ಒಳಗೆ ಹೂತು ಹೋಗುತ್ತದೆ ಅಂತ ಕೆಳಗೊಂದು ವಾಷರ್ ಇಟ್ಟರು. ಆಮೇಲೆ ರಿಮ್ಮಿನ ಒಳ ಅಂಚು ಸ್ಟೀರಿಂಗ್ ಆರ್ಮ್‌ಗೆ ತಾಗಿತು. ಹೊಸ ಕಾರುಗಳ ಅಲಾಯ್‌ಗೆ ಆಫ್‌ಸೆಟ್ ಜಾಸ್ತಿ ಇರುತ್ತದೆ, ಇವು 40ರವು. ಅಂದರೆ ಹಬ್‌ಗೆ (ಕಾರಿನಲ್ಲಿ ಚಕ್ರ ಕೂರುವ, ತಿರುಗುವ ಭಾಗಕ್ಕೆ) ಕೂರುವ ಮುಖ ರಿಮ್ಮಿನ ನಡುಗೆರೆಗಿಂತ 40 ಮಿ.ಮೀ. ಹೊರಗೆ ಇರುತ್ತದೆ, ಚಕ್ರ ಅಷ್ಟು ಒಳಗೆ ಹೋಗಿ ಕೂರುತ್ತದೆ. ಅದಕ್ಕೂ ಅವರ ಹತ್ತಿರ ಪರಿಹಾರ ಇತ್ತು, 15 ಮಿ.ಮೀ. ಸ್ಪೇಸರ್, ಅಂದರೆ ಹಬ್ ಮತ್ತು ಚಕ್ರದ ನಡುವೆ ಇಡುವ ದಪ್ಪ ಬಿಲ್ಲೆ.

ಇದಿಷ್ಟೂ ನನ್ನ ಕಣ್ಣ ಮುಂದೆಯೇ ಆಯಿತು. ಕೇಳಿದೆ ಕೂಡ. ಅಂಗಡಿಯವರು ತುಳುವಿನಲ್ಲಿ "ದಾಲ ಆಪುಜಿ ಅಣ್ಣ" ಅಂದರು. ಏನೂ ಆಗುವುದಿಲ್ಲ ಅಂತ. ಕಾರು ಜ್ಯಾಕಿನಿಂದ ಇಳಿದು ನಿಂತಾಗ ಎಷ್ಟು ಚಂದ ಕಾಣುತ್ತಿತ್ತು ಎಂದರೆ ನಾನು ಮತ್ತೆ ಕೇಳಲಿಲ್ಲ. ಟಯರ್ ಸೇರಿ 46,000 ರೂಪಾಯಿ ಕೊಟ್ಟು ಮನೆಗೆ ಬಂದೆ.

ಮೊದಲ ವಾರದಲ್ಲೇ 60 ದಾಟಿದರೆ ಸ್ಟೀರಿಂಗ್ ನಡುಗತೊಡಗಿತು. ವಾಪಸ್ ಹೋದೆ. ಬ್ಯಾಲೆನ್ಸಿಂಗ್ ಮಾಡಿದರು, ಮೆಷಿನ್‌ನಲ್ಲಿ ಸೊನ್ನೆ ಬಂತು. ಮತ್ತೆ ನಡುಕ. ಮತ್ತೆ ಬ್ಯಾಲೆನ್ಸಿಂಗ್, ಮತ್ತೆ ಸೊನ್ನೆ. ಈ ಒಂದು ವಿಷಯ ಎಲ್ಲರೂ ನೆನಪಿಡಬೇಕು ಅಂತ ನನಗೆ ತುಂಬಾ ಅನಿಸುತ್ತದೆ. ಮೆಷಿನ್ ಚಕ್ರವನ್ನು ಅದರ ನಡುವಿನ ದೊಡ್ಡ ತೂತಿಗೆ ಕೋನ್ ಹಾಕಿ ಹಿಡಿಯುತ್ತದೆ. ಅಲ್ಲಿ ಚಕ್ರ ಸರಿಯಾಗಿ ನಡುವಿಗೆ ಕೂತಿರುತ್ತದೆ. ಕಾರಿನಲ್ಲಿ ಅದು ನಡುವಿಗೆ ಕೂತಿಲ್ಲ. ನಡುತೂತು ಹಬ್‌ಗಿಂತ ದೊಡ್ಡದು, ಉಜ್ಜಿದ ಹೋಲಿನಲ್ಲಿ ನಟ್ ಒಂದು ಬದಿಗೆ ಮಾತ್ರ ತಾಗುತ್ತದೆ. ಚಕ್ರವನ್ನು ನಡುವಿಗೆ ಹಿಡಿಯುವ ವಸ್ತುವೇ ಇಲ್ಲ. ಹಾಗಾಗಿ ಮೆಷಿನ್ ಎಷ್ಟು ಸಲ ಸೊನ್ನೆ ತೋರಿಸಿದರೂ ರಸ್ತೆಯಲ್ಲಿ ನಡುಕ ಹೋಗುವುದಿಲ್ಲ. ಎರಡನೇ ಸಲ ಸೊನ್ನೆ ಬಂದಾಗಲೇ ನಾನು ಚಕ್ರ ಬಿಚ್ಚಿಸಬೇಕಿತ್ತು.

ಮಳೆಗಾಲದಲ್ಲಿ ಕಾರು ಹೆಚ್ಚಾಗಿ ಶೆಡ್ಡಿನಲ್ಲೇ ಇತ್ತು. ಆಟಿ ತಿಂಗಳ ಮಳೆಗೆ ಉಜ್ಜಿದ ಜಾಗದಲ್ಲಿ ಬಿಳಿ ಪುಡಿ ಬಂದದ್ದನ್ನು ನೋಡಿದ್ದೆ. ಬಣ್ಣದ ಕೋಟಿಂಗ್ ಹೋದ ಅಲ್ಯೂಮಿನಿಯಂ ನಮ್ಮ ಗಾಳಿಗೆ ಹಾಗೇ ಆಗುತ್ತದೆ. ಬಟ್ಟೆಯಲ್ಲಿ ಒರೆಸಿದೆ.

ಚೌತಿ ಕಳೆದ ಮೇಲಿನ ಭಾನುವಾರ ಬೆಳಿಗ್ಗೆ ಮಗಳನ್ನು ಕೂರಿಸಿಕೊಂಡು ಉಡುಪಿಯ ಅಕ್ಕನ ಮನೆಗೆ ಹೊರಟೆ. ಸುರತ್ಕಲ್ ತನಕ ನಡುಕ ಬಿಟ್ಟರೆ ಬೇರೇನೂ ಇಲ್ಲ. ಮುಲ್ಕಿ ದಾಟಿದ ಮೇಲೆ ಎಡಬದಿಯಿಂದ ಟಕ್ ಟಕ್ ಅಂತ ಸದ್ದು ಶುರುವಾಯಿತು. "ಅಪ್ಪಾ, ಕೆಳಗೆ ಯಾರೋ ಬಾಗಿಲು ಬಡಿದ ಹಾಗೆ ಆಗ್ತಾ ಉಂಟು" ಅಂದಳು. ಹೆಜಮಾಡಿ ಟೋಲ್ ದಾಟಿ ಎಲ್ಲಾದರೂ ನಿಲ್ಲಿಸಿ ನೋಡುತ್ತೇನೆ ಅಂದೆ. ಟೋಲ್ ದಾಟಿ ಇನ್ನೂ ವೇಗ ಹಿಡಿದಿರಲಿಲ್ಲ, 40 ಇದ್ದಿರಬಹುದು. ಎಡಕ್ಕೆ ಸಿಗ್ನಲ್ ಹಾಕಿ ಬದಿಗೆ ಎಳೆಯುವಾಗ ಎಡ ಮುಂದಿನ ಚಕ್ರ ವಾಲಿತು. ಕಾರು ಡಿಸ್ಕಿನ ಮೇಲೆ ಕೂತು, ಕರಕರ ಅಂತ ಡಾಂಬರು ಕೆರೆದು, ರಸ್ತೆ ಬದಿಯ ಜಲ್ಲಿಯಲ್ಲಿ ನಿಂತಿತು. ಚಕ್ರ ಮಡ್‌ಗಾರ್ಡಿನ ಒಳಗೆ ಸಿಕ್ಕಿಕೊಂಡಿತ್ತು. ಹಿಂದಿನಿಂದ ಬಂದ ಮೀನಿನ ಲಾರಿಯವರು ಹಾರ್ನ್ ಹಾಕುತ್ತಾ ಬಲಕ್ಕೆ ತಿರುಗಿಸಿ ಹೋದರು. ಮಗಳಿಗೆ ಒಂದು ಗೀರೂ ಆಗಲಿಲ್ಲ. ನನ್ನ ಕೈ ಮಾತ್ರ ಅರ್ಧ ಗಂಟೆ ನಿಲ್ಲಲಿಲ್ಲ. ಇದೇ ಐದು ನಿಮಿಷ ಮೊದಲು, ಮುಲ್ಕಿ ಸೇತುವೆಯ ಮೇಲೆ, 70ರಲ್ಲಿ ಆಗಿದ್ದರೆ ಅಂತ ಈಗಲೂ ರಾತ್ರಿ ನೆನಪಾಗುತ್ತದೆ.

ಟೋ ಮಾಡಿಸಿ ಮನೆಗೆ ತಂದ ಮೇಲೆ ನಮ್ಮ ಹಳೆಯ ಮೇಸ್ತ್ರಿ ಬಂದರು. ಹೆರಾಲ್ಡ್ ಕಾಲದಿಂದ ಕೆಲಸ ಮಾಡಿದವರು. ಮುರಿದ ಸ್ಟಡ್ಡನ್ನು ಬಟ್ಟೆಯಲ್ಲಿ ಒರೆಸಿ ಬಿಸಿಲಿಗೆ ಹಿಡಿದು ತೋರಿಸಿದರು. ಮುರಿದ ಮುಖದ ಮುಕ್ಕಾಲು ಭಾಗ ನುಣ್ಣಗೆ, ಕಂದು ಬಣ್ಣಕ್ಕೆ ತಿರುಗಿತ್ತು. ಅದರಲ್ಲಿ ಬಾಗಿದ ಸಣ್ಣ ಸಣ್ಣ ಗೆರೆಗಳು. ಪಣಂಬೂರಿನಲ್ಲಿ ಅಲೆ ಹಿಂದೆ ಸರಿದಾಗ ಮರಳಿನ ಮೇಲೆ ಉಳಿಯುತ್ತವಲ್ಲ, ಹಾಗೇ. ಉಳಿದ ಕಾಲು ಭಾಗ ಮಾತ್ರ ಒರಟು, ಬೆಳ್ಳಗೆ ಹೊಳೆಯುತ್ತಿತ್ತು. "ಈ ಹೊಳೆಯುವುದು ಮಾತ್ರ ಇವತ್ತು ತುಂಡಾದದ್ದು ಮಗಾ, ಉಳಿದದ್ದು ತಿಂಗಳುಗಟ್ಟಲೆಯಿಂದ ಸೀಳುತ್ತಾ ಬಂದದ್ದು" ಅಂದರು. ನಾಲ್ಕರಲ್ಲಿ ಎರಡು ಸ್ಟಡ್ ತುಂಡಾಗಿತ್ತು, ಮೂರನೆಯದರ ನಟ್ ಕಾಣೆ. ವಾಷರ್ ಬಟ್ಟಲಿನ ಹಾಗೆ ಬಗ್ಗಿತ್ತು.

ಆಮೇಲೆ ಬೇರೆ ಚಕ್ರದ ನಟ್ ಬಿಚ್ಚುತ್ತಾ ಸುತ್ತು ಎಣಿಸಲು ಹೇಳಿದರು. ಐದನೇ ಸುತ್ತಿಗೆ ನಟ್ ಕೈಗೆ ಬಂತು. ಸ್ಟಡ್ ಎಷ್ಟು ದಪ್ಪವೋ ಕನಿಷ್ಠ ಅಷ್ಟು ಉದ್ದ ನಟ್ ಒಳಗೆ ಹಿಡಿದಿರಬೇಕು. ಈ ಸ್ಟಡ್‌ಗೆ ಒಂದು ಇಂಚಿಗೆ 24 ಥ್ರೆಡ್. ಅಂದರೆ ಒಂಬತ್ತು ಸುತ್ತಾದರೂ ಬೇಕು. ಸ್ಪೇಸರ್ ಅದರಲ್ಲಿ ಅರ್ಧ ತಿಂದು ಹಾಕಿತ್ತು. ಸಾಲದ್ದಕ್ಕೆ ಏರ್ ಗನ್ನಿನಲ್ಲಿ ಬಿಗಿದಿದ್ದರು. ತೆಳು ಸ್ಟಡ್ ಎಳೆದು ಹೋಗಲು ಅದೇ ಸಾಕು.

ಅಂಗಡಿಯವರ ಹತ್ತಿರ ಹೋದರೆ "ಹೊಂಡಕ್ಕೆ ಬಿದ್ದಿರಬೇಕು ಸರ್, ರಸ್ತೆ ನೋಡಿ ಹೇಗುಂಟು" ಅಂದರು. ಬಿಲ್ಲಿನಲ್ಲಿ ಉಜ್ಜಿದ್ದು, ವಾಷರ್, ಸ್ಪೇಸರ್ ಯಾವುದೂ ಬರೆದಿರಲಿಲ್ಲ. ಬರೀ "ಅಲಾಯ್ ವೀಲ್ 4" ಅಂತ ಇತ್ತು. ಒಂದು ರೂಪಾಯಿ ವಾಪಸ್ ಬರಲಿಲ್ಲ. ಕಾರಿನ ರಿಪೇರಿಗೆ ಹಬ್, ಡಿಸ್ಕ್, ಮಡ್‌ಗಾರ್ಡ್ ಸೇರಿ ಅಲಾಯ್‌ಗಿಂತ ಜಾಸ್ತಿ ಖರ್ಚಾಯಿತು.

ನಿಮ್ಮ ಹತ್ತಿರ ಇಂಥ ಕಾರು ಇದ್ದರೆ ಅಂಗಡಿಗೆ ಹೋಗುವ ಮೊದಲು ಮನೆಯಲ್ಲೇ ಒಂದು ಚಕ್ರ ಬಿಚ್ಚಿ. ವರ್ನಿಯರ್ ತೆಗೆದುಕೊಂಡು ಒಂದು ಸ್ಟಡ್ಡಿನ ಹೊರ ಅಂಚಿನಿಂದ ಎದುರಿನ ಸ್ಟಡ್ಡಿನ ಒಳ ಅಂಚಿಗೆ ಅಳೆಯಿರಿ. ನಾಲ್ಕು ಸ್ಟಡ್ಡಿನ ಕಾರಿಗೆ ಅದೇ ಪಿಸಿಡಿ. ಚೀಟಿಯಲ್ಲಿ ಬರೆದುಕೊಂಡು ಹೋಗಿ. ಅಲಾಯ್‌ನ ಹಿಂಬದಿಯಲ್ಲಿ ಆಫ್‌ಸೆಟ್ ಅಚ್ಚಾಗಿರುತ್ತದೆ, ಇಟಿ ಅಂತ. ಜೆಡಬ್ಲ್ಯೂಎಲ್ ಗುರುತು ಉಂಟಾ ನೋಡಿ, ಅದು ಅಲಾಯ್ ಚಕ್ರಗಳ ಜಪಾನಿ ಗುಣಮಟ್ಟದ ಗುರುತು. ಗುರುತು ಇದ್ದರೂ ಹೋಲ್ ಉಜ್ಜಿದ ಕ್ಷಣದಿಂದ ಅದಕ್ಕೆ ಬೆಲೆ ಇಲ್ಲ. ಪರೀಕ್ಷೆ ಆದದ್ದು ಉಜ್ಜದ ಚಕ್ರಕ್ಕೆ. "ಲೇತ್‌ನಲ್ಲಿ ಸ್ವಲ್ಪ ಸರಿ ಮಾಡ್ತೇವೆ" ಅನ್ನುವ ಮಾತು ಬಂತೋ, ಅಲ್ಲಿಂದ ಎದ್ದು ಬನ್ನಿ. ಎಷ್ಟೇ ಪರಿಚಯದವರಾಗಿರಲಿ.

ತಂತಿ ಚಕ್ರ ಇರುವ ಹಳೆ ಎಂಜಿ ಕಾರಿನವರಿಗೂ ಒಂದು ಮಾತು. ಚಕ್ರವನ್ನು ಬಿಗಿಯುವ ನಡುವಿನ ದೊಡ್ಡ ನಟ್, ಅಂದರೆ ಸ್ಪಿನ್ನರ್, ಎಡಬದಿಯದ್ದು ಬಲಕ್ಕೆ ಹೋಗಬಾರದು. ಎರಡರ ಥ್ರೆಡ್ ತಿರುಗುವ ದಿಕ್ಕು ಬೇರೆ ಬೇರೆ. ಹಬ್ ಸಮೇತ ಅದಲು ಬದಲಾದರೆ ಓಡುತ್ತಾ ಓಡುತ್ತಾ ತಾನಾಗಿಯೇ ಸಡಿಲ ಆಗುತ್ತದೆ.

ಈಗ ನನ್ನ ಕಾರಿನಲ್ಲಿ ಇರುವುದು ಹೆರಾಲ್ಡ್‌ನ ಹಳೆ ಉಕ್ಕಿನ ರಿಮ್. ಮೇಸ್ತ್ರಿಯೇ ಹುಡುಕಿ ಕೊಟ್ಟರು. ಬ್ಲಾಸ್ಟಿಂಗ್ ಮಾಡಿಸಿ, ಪೌಡರ್ ಕೋಟಿಂಗ್ ಹಾಕಿಸಿದೆ. ಕೈಯಲ್ಲಿ ಬಿಗಿದು, ಬಿಗಿತ ಅಳೆಯುವ ಟಾರ್ಕ್ ರೆಂಚ್‌ನಲ್ಲಿ ಮ್ಯಾನ್ಯುಯಲ್ ಹೇಳಿದಷ್ಟೇ ಮುಗಿಸಿ, 50 ಕಿ.ಮೀ. ಓಡಿಸಿ ಮತ್ತೊಮ್ಮೆ ನೋಡಿದೆ. 80ರಲ್ಲೂ ಸ್ಟೀರಿಂಗ್ ನಿಂತ ನೀರಿನ ಹಾಗೆ ಇರುತ್ತದೆ. ಅಲಾಯೇ ಬೇಕು ಅನ್ನುವವರಿಗೆ 95.25ಕ್ಕೇ ಎರಕ ಹೊಯ್ದ 13 ಇಂಚಿನ ಮಿನಿಲೈಟ್ ಮಾದರಿಯವು ಇಂಗ್ಲೆಂಡಿನಲ್ಲಿ ಸಿಗುತ್ತವೆ. ಕಸ್ಟಮ್ಸ್ ಸೇರಿ ದುಬಾರಿ ಆಗುತ್ತದೆ. ಆದರೂ ದುಡ್ಡು ಕೂಡಿಟ್ಟು ಅದನ್ನೇ ತರಿಸಿ.

ಆ ನಾಲ್ಕು ಅಲಾಯ್ ಇನ್ನೂ ಶೆಡ್ಡಿನಲ್ಲಿವೆ. ಕಳೆದ ವಾರ ಒಬ್ಬ ಹುಡುಗ ಬಂದು 8,000ಕ್ಕೆ ಕೇಳಿದ, ತನ್ನ ಹಳೆ ಸ್ವಿಫ್ಟ್‌ಗೆ ಅಂತ. ಹೋಲ್ ತೋರಿಸಿ ವಾಪಸ್ ಕಳಿಸಿದೆ. ಗುಜರಿಯವರು ಬುಧವಾರ ಬರುತ್ತಾರೆ. ಅದಕ್ಕೆ ಮೊದಲು ಮೇಸ್ತ್ರಿ ಕಟರ್ ತಂದು ನಾಲ್ಕನ್ನೂ ನಡುವಿನಿಂದ ಎರಡು ಹೋಳು ಮಾಡಿ ಕೊಡುತ್ತೇನೆ ಅಂದಿದ್ದಾರೆ.